ಪುಷ್ಯಮಾಸದಲ್ಲಿ ಹಿಮಚಿರತೆ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ರಾಜರತ್ನ ಅವರ ಫೋಟೊ ಸ್ಟುಡಿಯೊ ಇದೆ. ಮದುವೆ ಮನೆಯವರು ಕೂತು ಆಲ್ಬಮ್ ಆರಿಸುವ ಉದ್ದನೆಯ ಮೇಜು ಡಿಸೆಂಬರ್ ಕೊನೆಯ ವಾರ ಹಿಮಾಚಲ ಪ್ರದೇಶದ ನಕ್ಷೆಯ ಕೆಳಗೆ ಮುಚ್ಚಿಹೋಗಿತ್ತು. ನಕ್ಷೆ ಸುರುಳಿ ಸುತ್ತಿಕೊಳ್ಳದಂತೆ ಒಂದು ತುದಿಗೆ ದೊಡ್ಡ ಲೆನ್ಸ್ ಇಟ್ಟಿದ್ದರು, ಇನ್ನೊಂದು ತುದಿಗೆ ಒಣದ್ರಾಕ್ಷಿಯ ಪೊಟ್ಟಣ.

ಪೊಟ್ಟಣ ತಂದವರು ತಿಕೋಟಾದ ದ್ರಾಕ್ಷಿ ಬೆಳೆಗಾರ ಶಂಕ್ರೆಪ್ಪ. ಅವರ ಬೆರಳು ಶಿಮ್ಲಾದಿಂದ ಹೊರಟು, ಸತ್ಲಜ್ ನದಿಯ ಗುಂಟ ಕಿನ್ನೌರ್ ದಾಟಿ, ಸ್ಪಿತಿ ಕಣಿವೆಯ ಕಾಜಾದಲ್ಲಿ ನಿಂತಿತು. ಅಲ್ಲಿಂದ ಇನ್ನೂ ಮೇಲೆ ಕಿಬ್ಬರ್ ಎಂಬ ಹಳ್ಳಿ. ಚಳಿಗಾಲದಲ್ಲಿ ಶಿಖರಗಳು ಹಿಮದಿಂದ ಮುಚ್ಚಿದಾಗ ಕಾಡುಕುರಿಗಳು ಮೇವು ಹುಡುಕಿಕೊಂಡು ಈ ಹಳ್ಳಿಯ ಸುತ್ತ ಇಳಿಯುತ್ತವೆ. ಅವುಗಳ ಬೆನ್ನು ಹತ್ತಿ ಹಿಮಚಿರತೆ ಬರುತ್ತದೆ.

“ಬರ್ತೈತಿ ಅಂತಾರ. ಬರಲಿಲ್ಲಂದ್ರ?” ಎಂದರು ಶಂಕ್ರೆಪ್ಪ.

“ಬರಲಿಲ್ಲಂದ್ರ ಹೆಜ್ಜಿ ಗುರುತರ ತಗೊಂಡ ಬರೂನು, ಶಂಕ್ರಣ್ಣಾ. ಮದುಮಗ ಬರೂದ ತಡಾ ಆದ್ರ ನಾವು ಅವನ ಚಪ್ಪಲಿ ಫೋಟೊ ತಗಿಯೂದಿಲ್ಲೇನು?”

ರಾಜರತ್ನ ಅವರಿಗೆ ಈಗ ನಲವತ್ತೇಳು. ಹುಟ್ಟಿದ್ದು ನಿಡೋಣಿಯಲ್ಲಿ. ಅಪ್ಪ ಬಾಬು ಮನೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದರು. ಮಗ ಹದಿನೆಂಟಕ್ಕೆ ಕ್ಯಾಮೆರಾ ಹಿಡಿದು ನಗರಕ್ಕೆ ಬಂದವರು, ಅಂದಿನಿಂದ ತಿಕೋಟಾ, ಬಬಲೇಶ್ವರ, ಸಾರವಾಡದ ಕಡೆಯ ಮದುವೆಗಳೇ ಅವರ ಅನ್ನ. ಶಂಕ್ರೆಪ್ಪನವರ ಪರಿಚಯವೂ ಹಾಗೆಯೇ ಆದದ್ದು. ಅವರ ಮಗಳು ಕಾವ್ಯಾಳ ಮದುವೆಯ ಮರುದಿನ ಬೆಳಿಗ್ಗೆ ತೋಟದ ಬದುವಿನ ಮೇಲೆ ನರಿಯೊಂದು ಬಂದು ಕೂತಿತ್ತು. ಮದುಮಗಳ ಫೋಟೊ ತೆಗೆಯಲು ಬಂದಿದ್ದ ರಾಜರತ್ನ ಲೆನ್ಸನ್ನು ಅತ್ತ ತಿರುಗಿಸಿದರು. ಮದುಮಗಳು ಕಾದಳು. ಆಮೇಲಿನ ನಾಲ್ಕು ವರ್ಷ ಇಬ್ಬರೂ ಬಿಡುವಿದ್ದಾಗಲೆಲ್ಲ ಬೆಳಿಗ್ಗೆ ಎದ್ದು ಬಬಲೇಶ್ವರದ ಸುತ್ತಲಿನ ಹುಲ್ಲುಗಾವಲು ಅಲೆದರು. ಕೃಷ್ಣಮೃಗ, ತೋಳ, ಚಳಿಗಾಲಕ್ಕೆ ಉತ್ತರದಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿ.

ಮೊದಮೊದಲು ರಾಜರತ್ನ ಅವರ ಹಳೆಯ ಅಭ್ಯಾಸ ಕಾಟ ಕೊಟ್ಟಿತು. ಒಮ್ಮೆ ಕೃಷ್ಣಮೃಗಗಳ ಹಿಂಡು ಅಂದುಕೊಂಡದ್ದಕ್ಕಿಂತ ಹತ್ತಿರ ಬಂದು ನಿಂತಿತ್ತು. ದೊಡ್ಡ ಗಂಡು ಮೈ ಓರೆ ಮಾಡಿ ನಿಂತಿದ್ದು ನೋಡಿ ಇವರ ಬಾಯಿಯಿಂದ ತಾನಾಗಿ ಮಾತು ಹೊರಟಿತು: “ಸ್ವಲ್ಪ ಈ ಕಡೆ ನೋಡ್ರಿ.” ಹಿಂಡು ಧೂಳೆಬ್ಬಿಸಿ ಓಡಿತು.

“ಲೇ ಯಪ್ಪಾ, ಅವೇನ ಬೀಗರೇನ? ಇನ್ನೊಂದ ಚೂರ ಬಿಟ್ಟಿದ್ರ ಗದ್ದ ಮ್ಯಾಲೆತ್ತಿ ನಗ್ರಿ ಅಂತಿದ್ದಿ!” ಎಂದು ಶಂಕ್ರೆಪ್ಪ ಬಯ್ದರು. ಹಿಮಚಿರತೆಯ ವಿಷಯ ಬಂದಾಗಲೆಲ್ಲ ಅವರು ಹಾಕುವ ಮೊದಲ ಷರತ್ತು ಅದೇ: ಬಾಯಿಗೆ ಮಫ್ಲರ್ ಕಟ್ಟಿಕೊಳ್ಳಬೇಕು.

ತಯಾರಿ ಜೋರಾಗಿ ನಡೆದಿತ್ತು. ಸ್ಪಿತಿಯ ಚಳಿ ಹೇಗಿರುತ್ತದೆಂದು ವಿಜಯಪುರದಲ್ಲಿ ಕೂತು ತಿಳಿಯುವುದು ಕಷ್ಟ. ಶಂಕ್ರೆಪ್ಪ ಒಂದು ದಾರಿ ಹುಡುಕಿದರು. ಅವರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ತಿಕೋಟಾ ರಸ್ತೆಯಲ್ಲೇ ಇದೆ. ಒಂದು ಮಧ್ಯಾಹ್ನ, ಹೊರಗೆ ಅಂಗಿ ಬೆವರಿಗೆ ಅಂಟುವ ಹೊತ್ತಿನಲ್ಲಿ, ಇಬ್ಬರೂ ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು, ಮಂಕಿ ಕ್ಯಾಪ್ ಎಳೆದುಕೊಂಡು ಒಳಗೆ ಹೋದರು. ಯಾವ ಕೈಗವಸು ಹಾಕಿಕೊಂಡರೆ ಕ್ಯಾಮೆರಾದ ಗುಂಡಿ ಬೆರಳಿಗೆ ತಿಳಿಯುತ್ತದೆ, ಬ್ಯಾಟರಿಯನ್ನು ಜೇಬಿನಲ್ಲಿಟ್ಟರೆ ಒಳ್ಳೆಯದೋ ಎದೆಗೆ ಒತ್ತಿ ಇಟ್ಟರೋ ಎಂದೆಲ್ಲ ನೋಡಿದರು. ಬಾಕ್ಸುಗಳ ಸಾಲಿನ ಆಚೆ ಶಂಕ್ರೆಪ್ಪ ಕುಕ್ಕರಗಾಲಲ್ಲಿ ಕೂತು ಚಿರತೆಯಾದರು. ರಾಜರತ್ನ ಫೋಕಸ್ ಮಾಡಿದರು.

ಬಾಕ್ಸು ಎಣಿಸಲು ಬಂದ ಕೂಲಿಗಳ ಮುಕಾದಮ ಬಾಗಿಲಲ್ಲೇ ನಿಂತ. “ಸಾವಕಾರ್ರ, ಆರಾಮ ಅದೀರಿಲ್ಲೋ?”

“ಚಿರತಿ ಆಗೇನಿ, ಮಾತಾಡಸಬ್ಯಾಡ,” ಎಂದರು ಶಂಕ್ರೆಪ್ಪ.

ಹೊರಗೆ ಬಂದ ಕೂಡಲೇ ಬಿಸಿ ಗಾಳಿ ತಾಗಿ ಲೆನ್ಸಿನ ಮೇಲೆಲ್ಲ ಮಂಜು ಕೂತಿತು. ಚಳಿಯಿಂದ ಬೆಚ್ಚನೆ ಜಾಗಕ್ಕೆ ಬರುವಾಗ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿರಬೇಕೆಂಬುದನ್ನು ಅವರು ಕಲಿತದ್ದು ಹಿಮಾಲಯದಲ್ಲಲ್ಲ, ತಿಕೋಟಾದಲ್ಲಿ.

ಹೋಗುವ ದಿನ ಗೊತ್ತುಮಾಡಿದವರು ರಾಜರತ್ನ. ಅದರಲ್ಲಿ ಅವರಿಗೆ ಹೆಮ್ಮೆ ಇತ್ತು. ಜನವರಿ ಪೂರ್ತಿ ಪುಷ್ಯಮಾಸ. ಈ ಭಾಗದಲ್ಲಿ ಅದು ಶೂನ್ಯಮಾಸ, ಯಾರೂ ಮದುವೆ ಮಾಡುವುದಿಲ್ಲ. ಮುಂದೆ ಮಾಘ ಹಿಡಿಯಿತೆಂದರೆ ಅವರಿಗೆ ಉಸಿರಾಡಲು ಬಿಡುವಿಲ್ಲ. ಶಂಕ್ರೆಪ್ಪನವರಿಗೂ ಫೆಬ್ರುವರಿಯಲ್ಲಿ ದ್ರಾಕ್ಷಿ ಕೊಯ್ಲು, ಆಮೇಲೆ ಒಣಗಿಸುವ ಕೆಲಸ. ಬೇಸಿಗೆಗೆ ಚಿರತೆ ಮತ್ತೆ ಶಿಖರ ಸೇರುತ್ತದೆ. ಹೀಗೆ ಮೂವರಿಗೂ ಹೊಂದುವುದು ಪುಷ್ಯವೊಂದೇ. ಜನವರಿ ಇಪ್ಪತ್ತರ ಬೆಳಿಗ್ಗೆ ಸೊಲ್ಲಾಪುರದಿಂದ ದೆಹಲಿಯ ರೈಲು. ಕಿಬ್ಬರ್‌ನ ಮಾರ್ಗದರ್ಶಿ ತನ್ನ ಮನೆಯ ಕೋಣೆಯನ್ನು ಹೊಸ ವರ್ಷದ ದಿನದವರೆಗೆ ಹಿಡಿದಿಡುವುದಾಗಿ, ಅಷ್ಟರಲ್ಲಿ ಖಚಿತ ಮಾಡದಿದ್ದರೆ ಬೇರೆಯವರಿಗೆ ಕೊಡುವುದಾಗಿ ಹೇಳಿದ್ದ.

ಅಕ್ಕ ಪರಸವ್ವ ಮಗಳು ನೀಲಾಳ ಸುದ್ದಿ ಹೇಳಲು ನಿಡೋಣಿಯಿಂದ ಫೋನ್ ಮಾಡಿದ್ದು ಆಗಲೇ.

“ನೀಲಾನ ಮದುವಿ ಗೊತ್ತಾತು. ಜನವರಿ ಇಪ್ಪತ್ತಾರು, ಐತವಾರ.”

ರಾಜರತ್ನ ಅವರಿಗೆ ಅರ್ಥವಾಗಲಿಲ್ಲ. “ಪುಷ್ಯದಾಗ ಯಾರರ ಮದುವಿ ಮಾಡ್ತಾರೇನ ಬೇ?”

ಪರಸವ್ವ ಕೇಳಿದರು: “ನೀ ಯಾವಾಗಿಂದ ಪಂಚಾಂಗ ನೋಡಾಕತ್ತಿ?”

ರಾಜರತ್ನ ಅವರ ಮನೆತನ ಬೌದ್ಧ. ಬಾಬು ಪಂಚಾಂಗ ಬಿಟ್ಟು ಅರ್ಧ ಶತಮಾನವಾಗುತ್ತ ಬಂತು. ಆ ಮನೆಯಲ್ಲಿ ಮದುವೆಗೆ ನೋಡುವುದು ಭಾನುವಾರವೋ, ರಜೆಯೋ ಎಂದು ಮಾತ್ರ. ಆದರೆ ಇಪ್ಪತ್ತೊಂಬತ್ತು ವರ್ಷ ಬೇರೆಯವರ ಮುಹೂರ್ತಕ್ಕೆ ಸರಿಯಾಗಿ ಲೈಟು ಹಚ್ಚಿ ಹಚ್ಚಿ, ಪುಷ್ಯವೆಂದರೆ ಜಗತ್ತಿನಲ್ಲಿ ಮದುವೆಯೇ ಇಲ್ಲ ಎಂದು ರಾಜರತ್ನ ನಂಬಿಬಿಟ್ಟಿದ್ದರು.

ಸಂಜೆ ಹೆಂಡತಿ ಸುಮಂಗಲಾ ಇದನ್ನು ಕೇಳಿ ಕೈಯಲ್ಲಿದ್ದ ತಾಟು ಕೆಳಗಿಟ್ಟು ನಕ್ಕರು. ಅವರು ಪ್ರಾಥಮಿಕ ಶಾಲೆಯ ಶಿಕ್ಷಕಿ. ಪ್ರಶ್ನೆ ಕೇಳುವ ರೀತಿಯೂ ಶಾಲೆಯದೇ.

“ನಮ್ಮ ಮದುವಿ ಯಾವ ತಿಂಗಳದಾಗ ಆತು, ಹೇಳ್ರಿ ನೋಡೂನು.”

“ಜನವರಿ.”

“ಅದು ಯಾವ ಮಾಸರಿ?”

ಪುಷ್ಯ ಎಂದು ಇಬ್ಬರಿಗೂ ಗೊತ್ತಿತ್ತು.

ನಗು ಮುಗಿದ ಮೇಲೆ ಉಳಿದದ್ದು ಇಷ್ಟು: ಇಪ್ಪತ್ತಾರಕ್ಕೆ ಅವರು ಕಿಬ್ಬರ್‌ನ ಬಂಡೆಗಳ ನಡುವೆ ಇರಬೇಕಿತ್ತು. ನಿಡೋಣಿಯ ಆ ಮನೆಗಳಲ್ಲಿ ಪಂಚಾಂಗ ಹೋದರೂ ಸೋದರಮಾವ ಹೋಗಿಲ್ಲ. ಮದುಮಗಳನ್ನು ಕೈಹಿಡಿದು ವೇದಿಕೆಗೆ ಕರೆತರುವವನು ಅವನೇ. ನೀಲಾಳಿಗೆ ಇರುವುದು ಒಬ್ಬನೇ ಮಾವ. ರಾಜರತ್ನ ಶಂಕ್ರೆಪ್ಪನವರಿಗೆ ಫೋನ್ ಮಾಡಿ, ಕೋಣೆ ಬೇಡವೆಂದು ಕಿಬ್ಬರ್‌ಗೆ ತಿಳಿಸಲು ಹೇಳಿದರು.

“ಆತ ಬಿಡು. ಸೋದರಮಾವ ಇಲ್ಲದ ಮದುವಿ ಆಗೂದಿಲ್ಲ,” ಎಂದರು ಶಂಕ್ರೆಪ್ಪ. ಅಷ್ಟು ಕಡಿಮೆ ಮಾತಾಡುವ ಮನುಷ್ಯ ಅವರಲ್ಲ.

ಡಿಸೆಂಬರ್ ಕೊನೆಯ ದಿನ ರಾಜರತ್ನ ಮದುವೆ ಮಾತಿಗೆಂದು ನಿಡೋಣಿಗೆ ಹೋದರು. ಪ್ರವಾಸದ ಸುದ್ದಿ ಎತ್ತಬಾರದೆಂದು ನಿರ್ಧರಿಸಿಯೇ ಹೋಗಿದ್ದರು. ನೀರು ತಂದ ನೀಲಾ ಚೊಂಬು ಕೊಡುವ ಮೊದಲೇ ಕೇಳಿದಳು: “ಮಾಮಾ, ಚಿರತಿ ಏನಾತು?”

ಕೋಲ್ಡ್ ಸ್ಟೋರೇಜಿನ ವಿಡಿಯೊ ಕಳಿಸಿದ್ದು ಅವಳಿಗೇ ಎಂಬುದನ್ನು ಅವರು ಮರೆತಿದ್ದರು.

“ಅದೇನು ಓಡಿ ಹೋಗ್ತೈತೇನು? ಮುಂದ ನೋಡೂನು.”

“ಓಡಿ ಹೋಗೂದ ಅದರ ಕೆಲಸ.”

“ಯಾವ ಚಿರತಿ?” ಎಂದು ಪರಸವ್ವ ಒಳಗಿನಿಂದ ಬಂದರು. ನೀಲಾ ಎಲ್ಲವನ್ನೂ ಹೇಳಿದಳು. ಪರಸವ್ವ ತಮ್ಮನ ಮುಖ ನೋಡಿದರು. “ಬೆಕ್ಕ ನೋಡಾಕ ಹಿಮಾಲಯಕ್ಕ ಹೋಗ್ಬೇಕೇನ? ನಮ್ಮ ಅಟ್ಟದ ಮ್ಯಾಲ ಎರಡ ಅದಾವ.”

“ಯವ್ವಾ, ಸುಮ್ನಿರು. ಮದುವಿ ಒಂದ ವಾರ ಮೊದಲ ಮಾಡಿದ್ರ ಏನಾಗ್ತೈತಿ? ಹತ್ತೊಂಬತ್ತೂ ಐತವಾರನ ಐತಿ. ಕಾರ್ಡ ಇನ್ನೂ ಅಚ್ಚ ಆಗಿಲ್ಲ.”

ಕಟ್ಟೆಯ ಮೇಲೆ ಕೂತಿದ್ದ ಬಾಬು ಕೋಲು ನೆಲಕ್ಕೆ ಬಡಿದರು. ದಿನ ಗೊತ್ತುಮಾಡಿದವರು ಅವರೇ. ಸಂವಿಧಾನ ಜಾರಿಗೆ ಬಂದ ದಿನ, ಅದೂ ಈ ಸಲ ಭಾನುವಾರವೇ ಬಿದ್ದಿದೆ. ಅಂದು ಮೊಮ್ಮಗಳ ಮದುವೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. “ಇಪ್ಪತ್ತಾರ ಅಂದ್ರ ಇಪ್ಪತ್ತಾರ. ಆ ದಿನ ಮತ್ತ ಸಿಗೂದಿಲ್ಲ.”

“ಅಪ್ಪ ಹೇಳೂದ ಖರೇ ಐತಿ. ನನ್ನ ಸಲುವಾಗಿ ಬ್ಯಾಡ,” ಎಂದರು ರಾಜರತ್ನ.

ನೀಲಾ ಅಜ್ಜನ ಎದುರು ಹೋಗಿ ಕೂತಳು. “ಯಜ್ಜಾ, ಹತ್ತೊಂಬತ್ತ ಕೆಟ್ಟ ದಿನ ಏನ?”

“ಕೆಟ್ಟ ದಿನ ಅಂತ ಯಾವದೂ ಇಲ್ಲ. ಮಂದಿ ಮಾಡ್ಕೊಂಡದ್ದದು.”

“ಹಂಗಾರ ಒಳ್ಳೇ ದಿನಾನೂ ಇಲ್ಲ. ಮತ್ತ ನೀ ಇಪ್ಪತ್ತಾರಕ್ಕ ಮುಹೂರ್ತ ಹಿಡಕೊಂಡ ಕುಂತೀಯಲ್ಲ!”

ಪರಸವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಬಾಬು ಮೊಮ್ಮಗಳನ್ನು ದಿಟ್ಟಿಸಿ ನೋಡಿದರು. ಸಿಟ್ಟೋ ಏನೋ ಎಂದುಕೊಳ್ಳುವಷ್ಟರಲ್ಲಿ ಅವರ ಹೆಗಲು ಕುಣಿಯತೊಡಗಿತು. ಮುದುಕ ನಗುತ್ತಿದ್ದರು.

“ಹೌದಲೇ! ಮಂದಿಗೆ ಮುಹೂರ್ತ ಬಿಡಸಾಕ ಅರ್ಧಾ ಆಯುಷ್ಯ ಕಳದೇನಿ. ಈಗ ನಾನ ಒಂದ ಕಟ್ಟಿ ಇಟ್ಟೇನಿ.” ಆಮೇಲೆ ಮಗನ ಕಡೆ ತಿರುಗಿದರು. “ನಿನ್ನ ಸಲುವಾಗಿ ಅಲ್ಲ, ಹಿಗ್ಗಬ್ಯಾಡ. ಮದುಮಗಳು ಕೇಳ್ಯಾಳ, ಅದಕ್ಕ. ಮೊದಲ ಆ ಹುಡುಗನ ಕೇಳ್ರಿ.”

ಹುಡುಗ ಸಮ್ಯಕ್, ಸೊಲ್ಲಾಪುರದಲ್ಲಿ ರೈಲ್ವೆ ನೌಕರ. ನೀಲಾ ಸ್ಪೀಕರ್ ಹಾಕಿಯೇ ಮಾತಾಡಿದಳು. ತನಗೆ ಅಡ್ಡಿಯಿಲ್ಲ, ಆದರೆ ರಜೆ ಇಪ್ಪತ್ತಾರಕ್ಕೆ ಮಂಜೂರಾಗಿದೆ, ಬದಲಿ ಸಿಗುತ್ತದೋ ಇಲ್ಲವೋ ಸಾಹೇಬರನ್ನು ಕೇಳಿ ಸಂಜೆ ಹೇಳುತ್ತೇನೆ ಎಂದ ಅವನು. ಬಬಲೇಶ್ವರದ ಮಂಗಲ ಕಾರ್ಯಾಲಯದ ಚಿಂತೆ ಮಾತ್ರ ಇರಲಿಲ್ಲ. ಅಲ್ಲಿಯ ವ್ಯವಸ್ಥಾಪಕ, “ಪುಷ್ಯದಾಗ ಯಾವ ದಿನಾರ ತಗೋರಿ, ಪಾರಿವಾಳ ಬಿಟ್ರ ಒಳಗ ಯಾರೂ ಇಲ್ಲ,” ಎಂದುಬಿಟ್ಟ.

ಸಂಜೆ ರಾಜರತ್ನ ಬೈಕಿನಲ್ಲಿ ಹಿಂದಿರುಗುತ್ತಿದ್ದರು. ಬಬಲೇಶ್ವರ ದಾಟಿದರೂ ಫೋನ್ ಬರಲಿಲ್ಲ. ಸಾರವಾಡದ ಹತ್ತಿರ ಜೇಬು ನಡುಗಿತು. ಟ್ರ್ಯಾಕ್ಟರೊಂದರ ಹಿಂದೆ ಬೈಕ್ ನಿಲ್ಲಿಸಿ ಕಿವಿಗೆ ಹಿಡಿದರು.

“ಮಾಮಾ, ರಜಾ ಸಿಕ್ಕೈತಂತ! ಹತ್ತೊಂಬತ್ತು!”

ರಸ್ತೆ ಬದಿಯಲ್ಲೇ ನಿಂತು ಅವರು ತಿಕೋಟಾಕ್ಕೆ ಫೋನ್ ಹಚ್ಚಿದರು. ಟ್ರ್ಯಾಕ್ಟರಿನ ಸದ್ದಿಗೆ ಮೀರಿ ಕೂಗಬೇಕಾಯಿತು. “ಶಂಕ್ರಣ್ಣಾ, ಇನ್ನೊಮ್ಮೆ ಕಿಬ್ಬರಕ್ಕ ಫೋನ್ ಮಾಡು! ರೂಮ ಯಾರಿಗರ ಕೊಟ್ಟಾನೇನ ಕೇಳು!”

“ಯಾಕ ಕೊಡ್ತಾನ? ನಾ ಬ್ಯಾಡ ಅಂತ ಹೇಳೇ ಇಲ್ಲ. ಮೂರ ಸಲ ಫೋನ್ ಕೈಯಾಗ ಹಿಡದೆ, ಬೆರಳ ಏಳಲಿಲ್ಲಲೇ ಯಪ್ಪಾ!”

ಅಂದೇ ಕೋಣೆ ಖಚಿತವಾಯಿತು.

ಹತ್ತೊಂಬತ್ತರಂದು ಬಬಲೇಶ್ವರದಲ್ಲಿ ಮದುವೆಯಾಯಿತು. ರಾಜರತ್ನ ಬಿಳಿ ಅಂಗಿ ತೊಟ್ಟು ನೀಲಾಳ ಕೈಹಿಡಿದು ಕರೆತಂದರು. ತ್ರಿಶರಣ, ಪಂಚಶೀಲ ಪಠಣ ಮುಗಿಯುವವರೆಗೆ ವೇದಿಕೆಯ ಮೇಲೆ ನಿಂತು, ಹಾರ ಬದಲಾದ ಕೂಡಲೇ ಕೆಳಗಿಳಿದು ಕ್ಯಾಮೆರಾ ಎತ್ತಿಕೊಂಡರು. ಊಟದ ಪಂಕ್ತಿಯಲ್ಲಿ ಶಂಕ್ರೆಪ್ಪ ಎರಡು ಸಲ ಕೂತದ್ದನ್ನು ಸುಮಂಗಲಾ ನೋಡಿದರು. ಹಿಮದಲ್ಲಿ ಹಸಿವು ಹೆಚ್ಚು, ಈಗಲೇ ತುಂಬಿಸಿಕೊಳ್ಳುತ್ತಿದ್ದೇನೆ ಎಂದು ಅವರು ಸಮಜಾಯಿಷಿ ಕೊಟ್ಟರು.

ಸೊಲ್ಲಾಪುರಕ್ಕೆ ಬೇರೆ ಗಾಡಿ ಮಾಡುವುದೇಕೆ ಎಂದದ್ದು ಸಮ್ಯಕ್. ಹಾಗಾಗಿ ಬೀಗರ ಬಸ್ಸಿನ ಮೇಲೆ ಮದುಮಗಳ ಟ್ರಂಕಿನ ಪಕ್ಕದಲ್ಲೇ ಎರಡು ಟ್ರೈಪಾಡು, ನಾಲ್ಕು ಚೀಲ, ಒಂದು ಕಟ್ಟು ರಗ್ಗು ಏರಿದವು. ಪರಸವ್ವ ಮಗಳನ್ನು ತಬ್ಬಿ ಅತ್ತರು, ಸೆರಗಿನಿಂದ ಮುಖ ಒರೆಸಿ ತಮ್ಮನ ಕೈಗೆ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟರು, ಮತ್ತೆ ಮಗಳ ಕಡೆ ಹೋಗಿ ಅತ್ತರು. ವರನ ಕಡೆಯ ಮುದುಕಿಯೊಬ್ಬರು, ಈ ಇಬ್ಬರು ಗಂಡಸರು ಎಲ್ಲಿಗೆ ಎಂದು ಕೇಳಿದರು.

“ಆಕಿ ಗಂಡನ ಮನಿಗೆ, ಇವ್ರು ಚಿರತಿ ಮನಿಗೆ,” ಎಂದರು ಪರಸವ್ವ.

ಬಸ್ಸು ವಿಜಯಪುರ ದಾಟುವ ಹೊತ್ತಿಗೆ ಕಿಬ್ಬರ್‌ನಿಂದ ವಿಡಿಯೊ ಬಂತು. ಹೊಸ ಹಿಮ ಬಿದ್ದಿತ್ತು. ಕಾಡುಕುರಿಗಳ ಹಿಂಡು ಮನೆಗಳ ಹಿಂದೆಯೇ ಇಳಿದಿತ್ತು. ಮೇಲಿನ ಬಂಡೆಯ ಬಳಿ ಚಿರತೆ ಕೂತಿದೆ, ಹುಡುಕಿ ಎಂದು ಮಾರ್ಗದರ್ಶಿ ಬರೆದಿದ್ದ. ರಾಜರತ್ನ ಪರದೆಯನ್ನು ಹಿಗ್ಗಿಸಿ ನೋಡಿದರು, ಕಾಣಲಿಲ್ಲ. ಶಂಕ್ರೆಪ್ಪನವರಿಗೂ ಕಾಣಲಿಲ್ಲ. ಮುಂದಿನ ಸೀಟಿನಿಂದ ನೀಲಾ ಬಾಸಿಂಗವನ್ನು ಹಿಂದೆ ಸರಿಸಿ ತಿರುಗಿ ಫೋನ್ ಕಸಿದುಕೊಂಡಳು, ಅವಳಿಂದ ಸಮ್ಯಕ್‌ಗೆ ಹೋಯಿತು, ಅವನಿಂದ ಅವನ ಚಿಕ್ಕಮ್ಮನಿಗೆ. “ಅಗೋ ಬಾಲ!” “ಅದು ಬಾಲ ಅಲ್ಲ, ಬಂಡಿಗಲ್ಲು.” “ನಿನ್ನ ಕಣ್ಣಿಗೆ ಪೊರಿ ಬಂದೈತಿ, ಕೊಡ ಇಲ್ಲೆ.” ಸೀಟಿನಿಂದ ಸೀಟಿಗೆ ಕೈ ಬದಲಾಗುತ್ತ ಹೋದ ಫೋನ್ ಗಡಿಯ ಹತ್ತಿರದ ಝಳಕಿ ದಾಟಿದರೂ ರಾಜರತ್ನ ಅವರಿಗೆ ವಾಪಸು ಬರಲಿಲ್ಲ.