ಎಡಕ್ಕೆ ಇ, ನಮನಕ್ಕೆ ಎನ್

ನಮ್ಮ ಮನೆಯ ಕಂಪ್ಯೂಟರಿನ ಕೀಲಿಮಣೆಯಲ್ಲಿ ‘ಎನ್’ ಎಂಬ ಅಕ್ಷರ ಪೂರ್ತಿ ಅಳಿಸಿಹೋಗಿದೆ. ಅದರ ನೆರೆಹೊರೆಯ ಅಕ್ಷರಗಳೆಲ್ಲ ಅಂಗಡಿಯಿಂದ ತಂದ ದಿನದಷ್ಟೇ ಢಾಳಾಗಿರುವಾಗ ಇದೊಂದು ಮಾತ್ರ ಹೀಗೆ ನಿರಕ್ಷರಕುಕ್ಷಿಯಾದುದನ್ನು ಕಂಡ ಅತಿಥಿಗಳು, ನಾನು ಕನ್ನಡ ಉಪನ್ಯಾಸಕನೆಂಬುದನ್ನು ನೆನೆದು, “ಭಾಳ ಬರೀತೀರಿ ಕಾಣಸ್ತದ” ಎಂದು ಗೌರವದಿಂದ ತಲೆದೂಗುತ್ತಾರೆ. ನಾನೂ ವಿನಯದಿಂದ ತಲೆ ತಗ್ಗಿಸುತ್ತೇನೆ. ಆ ಅಕ್ಷರ ಸವೆದದ್ದು ಸಾಹಿತ್ಯಸೇವೆಯಿಂದಲ್ಲ, ಗುಂಡಿನ ಮಳೆಯಲ್ಲಿ ಪ್ರಾಣ ಉಳಿಸಿಕೊಳ್ಳುವ ಗಡಿಬಿಡಿಯಿಂದ ಎಂಬ ಸತ್ಯವನ್ನು ಸಹೃದಯರಾದ ನಿಮ್ಮೆದುರು ಮಾತ್ರ ಹೇಳುತ್ತಿದ್ದೇನೆ.

ಅದಕ್ಕೆ ಮೊದಲು ನನ್ನ ಭಾವಮೈದುನ ಬಸಣ್ಣನ ಪರಿಚಯ ಆಗಬೇಕು. ನನ್ನ ಹೆಂಡತಿ ಶಾರದೆಗೆ ಇವನೊಬ್ಬನೇ ತಮ್ಮ; ನಮ್ಮ ಕಡೆಯ ರೂಢಿಯಂತೆ ಅಕ್ಕನ ಗಂಡನಾದ ನನ್ನನ್ನು ‘ಮಾವ’ ಎನ್ನುತ್ತಾನೆ. ಸುರಪುರದಲ್ಲಿ ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಕಾಲುವೆಯ ನೀರು ಹೊಲಕ್ಕೆ ಬಂದು, ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ತೂಗತೊಡಗಿದ ಮೇಲೆ ನಮ್ಮ ಕಡೆ ಮದುವೆಗಳೂ ಗೃಹಪ್ರವೇಶಗಳೂ ಜೋರಾದವು. ಅವುಗಳ ಜತೆ ಬಸಣ್ಣನ ಧ್ವನಿವರ್ಧಕಗಳ ಧ್ವನಿಯೂ ವರ್ಧಿಸಿತು. ಕಡೆಗೆ ಅವನೇ ಒಂದು ಮನೆ ಕಟ್ಟಿಸಿದ. ಆ ಗೃಹಪ್ರವೇಶದ ದಿನ ಯಾರೋ ನನ್ನ ಕೈಗೆ ಮೈಕ್ ಕೊಟ್ಟು ಎರಡು ಮಾತಾಡಿರೆಂದರು. ಉಪನ್ಯಾಸಕನ ಕೈಗೆ ಮೈಕ್ ಕೊಟ್ಟವರು ಆಮೇಲೆ ಗಡಿಯಾರ ನೋಡಬಾರದು. ನಾನು ‘ಮನೆ’ ಎಂಬ ಶಬ್ದದ ನಿಷ್ಪತ್ತಿಯಿಂದ ಹೊರಟು, ಗುಹಾವಾಸಿ ಮಾನವನನ್ನು ಹಾದು, ಗೃಹಸ್ಥಾಶ್ರಮದ ಹೊಸ್ತಿಲಿಗೆ ಬರುವಷ್ಟರಲ್ಲಿ ನನ್ನ ಧ್ವನಿ ನನಗೇ ಕೇಳದಾಯಿತು. ತಿರುಗಿ ನೋಡಿದರೆ ಆಂಪ್ಲಿಫೈಯರಿನ ಗುಂಡಿಯ ಮೇಲೆ ಬಸಣ್ಣನ ಬೆರಳು.

“ಭಾಷಣ ಸಾಕ್ರಿ ಮಾವಾರ, ಅನ್ನ ಆರಾಕತ್ತದ!”

ಈ ವಾಕ್ಯಕ್ಕೆ ಮೈಕಿನ ಅಗತ್ಯವೇ ಬೀಳಲಿಲ್ಲ. ಇಡೀ ಪೆಂಡಾಲು ಗೊಳ್ಳೆಂದು ನಕ್ಕಿತು. ನಗುತ್ತಲೇ ಎದ್ದು ಪಂಕ್ತಿಗೆ ನಡೆಯಿತು. ನಾನು ಚಪ್ಪಲಿ ಹುಡುಕಿಕೊಂಡು, ಹಸಿದ ಹೊಟ್ಟೆಯಲ್ಲಿ ಸ್ವಾಭಿಮಾನವೊಂದನ್ನೇ ತುಂಬಿಕೊಂಡು, ಶಹಾಪುರದ ಬಸ್ಸು ಹತ್ತಿದೆ.

ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತು. ಸಿಟ್ಟು ನಮ್ಮದಾದರೂ ಶಿಕ್ಷೆ ಶಾರದೆಯ ಪಾಲಿಗೆ ಬಂತು. ಯಾದಗಿರಿಯ ಕಡೆ ಯಾವುದೋ ಕಾರ್ಯಕ್ರಮಕ್ಕೆ ಹೊರಟ ಬಸಣ್ಣ ನಮ್ಮ ಮನೆಯ ಮುಂದೆ ಜೀಪು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ. ಇವಳು ಹಿಟ್ಟಿನ ಕೈಯಲ್ಲೇ ಗೇಟಿಗೆ ಓಡುತ್ತಿದ್ದಳು. ಅಕ್ಕತಮ್ಮ ಅಲ್ಲೇ ನಾಲ್ಕು ಮಾತಾಡಿದರೆ ಆಯಿತು, ಅವನು ಜೀಪಿನಿಂದ ಇಳಿಯುತ್ತಿರಲಿಲ್ಲ. ನಾನು ಕಿಟಕಿಯಲ್ಲಿ ಕುಳಿತು, ದೂರದಲ್ಲಿ ಅಂಗಾತ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನು ನೋಡುವವನ ಹಾಗೆ ನಟಿಸುತ್ತಿದ್ದೆ. ಬುದ್ಧನ ನಿರ್ಲಿಪ್ತತೆ ನನ್ನ ಮುಖಕ್ಕೆ ಹೊಂದುತ್ತಿರಲಿಲ್ಲವೆಂದು ಶಾರದೆ ಆಮೇಲೆ ಹೇಳಿದಳು. ನಾಗರಪಂಚಮಿಗೆ ತಮ್ಮ ಬಂದು ಕರೆದೊಯ್ಯದೆ ತವರಿಗೆ ಹೋಗುವುದಿಲ್ಲವೆಂದು ಅವಳು ಹಿಂದಿನ ಶ್ರಾವಣದಲ್ಲಿ ಮನೆಯಲ್ಲೇ ಉಳಿದಿದ್ದಳು. ಹಬ್ಬದ ಸಿಹಿಯೆಂದು ಶೇಂಗಾ ಉಂಡಿ ಕಟ್ಟಿದ್ದಳು. ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಆಷಾಢದ ಒಂದು ಸಂಜೆ ನನ್ನ ಮಗಳು ವಾಣಿ ನನ್ನನ್ನು ಯುದ್ಧಕ್ಕೆ ಕರೆದಳು. ಯಾದಗಿರಿಯ ಕಾಲೇಜಿನಿಂದ ಬಸ್ಸಿಳಿದು ಬಂದವಳೇ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದ ಇವಳು ಆಡುತ್ತಿದ್ದುದು ಕೋಟೆ ಕಾಯುವ ಒಂದು ಆಟ. ಮೂವರ ತಂಡ, ಅವರವರ ಮನೆಯಲ್ಲಿ ಅವರವರು ಕುಳಿತು, ಇಂಟರ್ನೆಟ್ಟಿನಲ್ಲಿ ಕೂಡಿಕೊಂಡು, ಮುತ್ತಿಗೆ ಹಾಕುವ ವೈರಿಗಳನ್ನು ಹಿಮ್ಮೆಟ್ಟಿಸಬೇಕು.

“ಅಪ್ಪಾ, ನಮ್ಮ ತಂಡದಾಗ ಒಬ್ರು ಕಮ್ಮಿ ಬಿದ್ದಾರ. ದೊಡ್ಡ ಕಂಪ್ಯೂಟರ್ ಮ್ಯಾಲ ನೀವು ಬರ್ರಿ.”

“ಇನ್ನೊಬ್ಬರು ಯಾರು?”

“ಅದಾರ ಒಬ್ರು, ಪರಿಚಯದವ್ರು” ಎಂದು ವಾಣಿ ಪರದೆಯ ಕಡೆ ತಿರುಗಿದಳು. ಆ ಪರಿಚಯದವರ ಹೆಸರು ಪರದೆಯ ಮೇಲೆ ‘ಹುಲಿ’ ಎಂದಿತ್ತು. ನನಗೆ ಅವಳು ‘ಅಜ್ಞಾತ’ ಎಂದು ನಾಮಕರಣ ಮಾಡಿದ್ದಳು. ಲೇಖಕನಿಗೆ ಸಹಜವಾದ ಹೆಸರೆಂದು ನಾನು ಒಪ್ಪಿಕೊಂಡೆ.

ಆಟದ ಕೀಲಿಗಳನ್ನು ನೋಡಿ ನನಗೆ ರೇಗಿತು. ಮುಂದೆ ಹೋಗಲು ಒಂದು ಅಕ್ಷರ, ಎಡಕ್ಕೆ ಇನ್ನೊಂದು. ಅಕ್ಷರಕ್ಕೂ ಅರ್ಥಕ್ಕೂ ಸಂಬಂಧವೇ ಇಲ್ಲ. ಇವನ್ನು ನಮಗೆ ಬೇಕಾದಂತೆ ಬದಲಿಸಬಹುದೆಂದು ವಾಣಿ ಬಾಯಿತಪ್ಪಿ ಹೇಳಿಬಿಟ್ಟಳು. ನಾನು ಆ ಸಂಜೆ ಗುಂಡು ಹಾರಿಸಲಿಲ್ಲ, ನಿಘಂಟು ಹಿಡಿದು ಕುಳಿತೆ. ‘ಮುಂದೆ’ಗೆ ಎಮ್, ‘ಹಿಂದೆ’ಗೆ ಎಚ್, ‘ಎಡ’ಕ್ಕೆ ಇ, ‘ಬಲ’ಕ್ಕೆ ಬಿ. ‘ಜಿಗಿ’ಗೆ ಜೆ. ‘ಬಗ್ಗು’ವುದಕ್ಕೆ ಬಿ ಉಳಿದಿರಲಿಲ್ಲವಾದ್ದರಿಂದ ಸಂಸ್ಕೃತದ ಮೊರೆಹೊಕ್ಕು ‘ನಮನ’ ಮಾಡಿ ಎನ್ ಕೊಟ್ಟೆ. ಗಾಯಗೊಂಡ ಜತೆಗಾರನನ್ನು ಎಬ್ಬಿಸುವುದು ‘ಶುಶ್ರೂಷೆ’, ಎಸ್. ‘ಗುಂಡು’ ತುಂಬಲು ಜಿ ಕೊಟ್ಟ ಮೇಲೆ ‘ಗುರಾಣಿ’ ಅನಾಥವಾಯಿತು. ಶುದ್ಧ ಕನ್ನಡದ ಅಭಿಮಾನವನ್ನು ತುಸು ಬದಿಗಿಟ್ಟು, ನಮ್ಮ ಊರಿನವರ ಬಾಯಲ್ಲಿರುವ ‘ಢಾಲು’ ಎಂಬ ಮಾತನ್ನೇ ಬರಮಾಡಿಕೊಂಡು ಡಿ ಹಚ್ಚಿದೆ.

“ಅಪ್ಪಾ, ಆ ಮೊದಲಿನ ಕೀಲಿ ಎಲ್ಲಾ ಒಂದ ಕೈಯಾಗ ಸಿಗಲಿ ಅಂತ ಬಾಜೂಬಾಜೂ ಇಟ್ಟಿದ್ರು. ಬಲಗೈಯಾಗ ಮೌಸ್ ಹಿಡೀಬೇಕು. ಈಗ ನಿಮ್ಮ ಎಡಗೈ ಏನ್ ಮಾಡಬೇಕ್ರಿ?”

ಎಡಗೈ ಏನು ಮಾಡಿತೆಂಬುದನ್ನು ವರ್ಣಿಸುವುದು ಕಷ್ಟ. ಮುಂದೆ ಹೋಗುತ್ತ ಎಡಕ್ಕೆ ಹೊರಳಬೇಕಾದಾಗ ನನ್ನ ಹೆಬ್ಬೆರಳೂ ಕಿರುಬೆರಳೂ ಕೀಲಿಮಣೆಯ ಎರಡು ದಡಗಳಲ್ಲಿ ನಿಂತು ಒಂದನ್ನೊಂದು ಕೂಗಿ ಕರೆಯುತ್ತಿದ್ದವು. ಓಡಲು ಶಿಫ್ಟ್ ಕೀಲಿಯನ್ನೇ ಉಳಿಸಿಕೊಂಡಿದ್ದೆ. ಗಾಬರಿಯಲ್ಲಿ ಅದನ್ನು ಮೇಲಿಂದ ಮೇಲೆ ಕುಟ್ಟಿದರೆ ಕಂಪ್ಯೂಟರು ಯುದ್ಧವನ್ನು ಮರೆಮಾಡಿ, ‘ಸ್ಟಿಕಿ ಕೀಸ್’ ಬೇಕೇ, ಅಂದರೆ ಕೀಲಿಗಳನ್ನು ಅಂಟಿಸಿಡಲೇ ಎಂದೊಂದು ಪ್ರಶ್ನೆ ಕೇಳುತ್ತಿತ್ತು. ನಾನು ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಳ್ಳುವಷ್ಟರಲ್ಲಿ ನನ್ನ ಸಿಪಾಯಿ ಸತ್ತಿರುತ್ತಿದ್ದ. ಬೇರೆಯವರ ಸಿಪಾಯಿಗಳು ಗುಂಡಿನ ಸದ್ದಿಗೆ ಮರೆಗೆ ಜಿಗಿದರೆ ನನ್ನವನು ನಿಂತಲ್ಲೇ ನಮಿಸುತ್ತಿದ್ದ. ಅಷ್ಟು ಸಂಸ್ಕಾರವಂತ ಯೋಧನನ್ನು ಆ ಕೋಟೆ ಕಂಡಿರಲಾರದು.

ಜತೆಗಾರರಿಗೆ ಸುದ್ದಿ ಮುಟ್ಟಿಸಲು ಇನ್ನೊಂದು ಅನುಕೂಲವಿತ್ತು. ಕಂಟ್ರೋಲ್ ಕೀಲಿಯ ಜತೆ ಒಂದು ಅಂಕಿಯನ್ನು ಒತ್ತಿದರೆ ನಾವು ಮೊದಲೇ ಬರೆದಿಟ್ಟ ವಾಕ್ಯ ಎಲ್ಲರ ಪರದೆಯ ಮೇಲೆ ಮೂಡುತ್ತಿತ್ತು. ಈ ವಿಭಾಗದಲ್ಲಿ ನಾನು ನನ್ನ ಸರ್ವಸ್ವವನ್ನೂ ಧಾರೆಯೆರೆದೆ. ಪ್ರಾಣಾಪಾಯದ ಹೊತ್ತಿಗೆಂದು ಸಿದ್ಧಪಡಿಸಿದ ವಾಕ್ಯ ಹೀಗಿತ್ತು: “ಮಾನ್ಯ ಸಹಯೋಧರೇ, ಶತ್ರುಗಳು ನನ್ನನ್ನು ಸರ್ವದಿಕ್ಕುಗಳಿಂದಲೂ ಆವರಿಸಿರುವುದರಿಂದ, ತಾವು ದಯಮಾಡಿ ತಮ್ಮ ಪ್ರಸ್ತುತ ಕಾರ್ಯವನ್ನು ಸ್ಥಗಿತಗೊಳಿಸಿ, ಅವಿಳಂಬವಾಗಿ ಧಾವಿಸಿ ಬರುವ ಕೃಪೆ ಮಾಡಬೇಕು.” ಹುಲಿಯ ವಾಕ್ಯಗಳು ಬೇರೆ ಜಾತಿಯವು. “ಬಗ್ಗ್ರಿ.” “ಓಡ್ರಿ.” “ಬಂದ್ರು.” ಮೊದಮೊದಲು ಇವು ಒರಟಾಗಿ ಕಂಡರೂ, ಅವನ್ನು ಓದಿದ ಮೇಲೂ ನಾನು ಜೀವಂತ ಇರುತ್ತಿದ್ದೆ ಎಂಬುದನ್ನು ಗಮನಿಸಿ, ಈ ಹುಲಿಯ ಗದ್ಯಶೈಲಿಯ ಬಗ್ಗೆ ನನಗೆ ಒಳಗೊಳಗೇ ಗೌರವ ಬೆಳೆಯಿತು. ದಿನವೂ ಸಂಜೆ ಅವನಿಗಾಗಿ ಕಾಯುವಂತಾದೆ. ನನ್ನ ಸಿಪಾಯಿ ಬಿದ್ದಾಗಲೆಲ್ಲ ಅವನು ಕೋಟೆಯ ಯಾವ ಮೂಲೆಯಲ್ಲಿದ್ದರೂ ಓಡಿಬಂದು ಎಬ್ಬಿಸುತ್ತಿದ್ದ.

ಒಂದು ಸಂಜೆ ವೈರಿಗಳು ಹೆಬ್ಬಾಗಿಲಿಗೇ ಬಂದರು. ನಾನು ಕಂಗಾಲಾಗಿ ಆ ದೀರ್ಘವಾಕ್ಯವನ್ನು ಮೇಲಿಂದ ಮೇಲೆ ಕಳಿಸಿದೆ. ‘ಮಾನ್ಯ ಸಹಯೋಧರೇ’ ಎಂಬುದು ಹುಲಿಯ ಪರದೆಯನ್ನು ಪೂರ್ತಿ ಮುಚ್ಚಿರಬೇಕು. ಎದುರಿನ ವೈರಿ ಕಾಣದೆ ಅವನೇ ಗುಂಡು ತಿಂದು ಬಿದ್ದ. ಬಿದ್ದಲ್ಲಿಂದಲೇ ಬೆರಳಚ್ಚಿಸಿದ:

“ಭಾಷಣ ಸಾಕ್ರಿ, ಅನ್ನ ಆರಾಕತ್ತದ!”

ನಾನು ಕೀಲಿಮಣೆಯಿಂದ ಕೈ ತೆಗೆದೆ. ಈ ಭೂಮಂಡಲದಲ್ಲಿ ಈ ವಾಕ್ಯ ಆಡಬಲ್ಲವನು ಒಬ್ಬನೇ. ವಾಣಿಯ ಕಡೆ ತಿರುಗಿದೆ. ಅವಳು ತನ್ನ ಪರದೆಯಿಂದ ಕಣ್ಣೆತ್ತಲಿಲ್ಲ.

“ಹೌದ್ರಿ ಅಪ್ಪಾ, ಬಸಣ್ಣ ಮಾಮಾನ. ಅವ್ರಿಗೂ ನೀವಂತ ಗೊತ್ತಿಲ್ಲ.” ಮತ್ತೆ ಮೆಲ್ಲಗೆ ಹೇಳಿದಳು: “ಪಂಚಮಿ ಬಂತ್ರಿ. ಅವ್ವನ ಮಾರಿ ಒಂದ್ಸಲ ನೋಡ್ರಿ. ಆಮ್ಯಾಲ ಬೇಕಾದ್ರ ಆಟ ಬಂದ್ ಮಾಡ್ರಿ.”

ಅಡುಗೆಮನೆಯ ಬಾಗಿಲಲ್ಲಿ ಶಾರದೆಯ ಬೆನ್ನು ಕಾಣುತ್ತಿತ್ತು. ಶೇಂಗಾ ಹುರಿಯುತ್ತಿದ್ದಳು. ಪರದೆಯ ಮೇಲೆ ಬಸಣ್ಣ ಹೆಬ್ಬಾಗಿಲ ಪಕ್ಕದಲ್ಲಿ ಬಿದ್ದುಕೊಂಡು “ಎಬ್ಬಸ್ರಿ, ಎಬ್ಬಸ್ರಿ” ಎನ್ನುತ್ತಿದ್ದ. ಮಂದಿಯ ಮುಂದೆ ನನ್ನ ಬಾಯಿ ಮುಚ್ಚಿಸಿದವನು ಹೀಗೆ ನನ್ನ ಕಾಲ ಬುಡದಲ್ಲಿ ಬೀಳಬೇಕೆಂದು ನಾನು ಎಷ್ಟು ಸಲ ಕನಸು ಕಂಡಿದ್ದೆನೋ! ಕನಸು ಕೈಗೂಡಿದಾಗ ಅದರಲ್ಲಿ ಯಾವ ಸ್ವಾರಸ್ಯವೂ ಉಳಿದಿರಲಿಲ್ಲ. ದಿನವೂ ನನ್ನನ್ನು ಎಬ್ಬಿಸಿದವನು ಅವನೇ. ಎಸ್ ಒತ್ತಿ ಹಿಡಿದೆ. ಪರದೆಯ ಮೇಲೆ ಶುಶ್ರೂಷೆಯ ಪ್ರಗತಿ ತೋರಿಸುವ ಚಕ್ರ ನಿಧಾನವಾಗಿ ತುಂಬಿತು. ಬಸಣ್ಣ ಎದ್ದು ನಿಂತ.

“ಉಪಕಾರ ಆತ್ರಿ. ಯಾವೂರ್ರಿ ನಿಮ್ದು?”

“ಶಹಾಪುರ” ಎಂದು ಬರೆದೆ.

“ಅಲ್ಲೇ ನಮ್ಮ ಅಕ್ಕನ ಮನಿ ಅದ್ರಿ.”

“ಹೋಗಿ ಬರುವುದುಂಟೇ?”

“ಮಾವಾರು ಸಿಟ್ಟಾಗ್ಯಾರ್ರಿ. ಮಂದ್ಯಾಗ ಅವ್ರ ಮೈಕ್ ಬಂದ್ ಮಾಡಿದ್ದು ನಂದ ತಪ್ಪು. ಅವತ್ತು ಅವ್ರು ಉಣ್ಲಾರದ ಹೋದ್ರು ನೋಡ್ರಿ, ಅದ ಸಂಕಟ. ಯಾವ ಮಾರಿ ಹೊತ್ಗೊಂಡು ಹೋಗ್ಲಿ?”

‘ಮನೆ’ ಎಂಬ ಒಂದು ಶಬ್ದದ ಮೇಲೆ ಅಷ್ಟು ಹೊತ್ತು ಮಾತಾಡಬಲ್ಲ ನಾನು ‘ಮಾನ್ಯ’ ಎಂದು ಶುರುಮಾಡಿ ಅಳಿಸಿದೆ. ವೈರಿಗಳು ಗೋಡೆ ಏರುತ್ತಿದ್ದರು. ವಾಣಿ ಒಬ್ಬಳೇ ಎರಡೂ ಬುರುಜುಗಳ ನಡುವೆ ಓಡಾಡುತ್ತ, “ಜಲ್ದಿ ಬರೀರಿ ಅಪ್ಪಾ, ಕ್ವಾಟಿ ಹೊಂಟದ!” ಎಂದು ಕೂಗಿದಳು. ಬಸಣ್ಣನ ಶೈಲಿಯಲ್ಲೇ ಬರೆದೆ:

“ಪಂಚಮಿಗೆ ಬಾ. ನಾನೇ ನಿನ್ನ ಮಾವ.”

ಅವನ ಸಿಪಾಯಿ ಬೆಪ್ಪಾಗಿ ನಿಂತುಬಿಟ್ಟ. ನನ್ನವನೂ ನಿಂತ. ವೈರಿಗಳು ಇಬ್ಬರನ್ನೂ ಆರಾಮಾಗಿ ಹೊಡೆದು ಕೋಟೆ ಹಿಡಿದರು. ಆಟ ಮುಗಿಯುತ್ತಲೇ ಅಡುಗೆಮನೆಯ ಕಟ್ಟೆಯ ಮೇಲೆ ಶಾರದೆಯ ಫೋನು ರಿಂಗಣಿಸಿತು. ಅವಳು ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಕಣ್ಣೊರೆಸುತ್ತ ಹೊರಗೆ ಬಂದಳು.

“ಬಸಣ್ಣ ಕರ್ಯಾಕ ಬರ್ತಾನಂತ್ರಿ. ಒಮ್ಮಿಂದೊಮ್ಮೆ ಏನಾತು ಇವನಿಗಿ?”

“ಶೇಂಗಾ ಹೊತ್ತಾಕತ್ತಾವ ನೋಡವ್ವಾ” ಎಂದು ವಾಣಿ ತಾಯಿಯನ್ನು ಒಳಗೆ ಓಡಿಸಿದಳು.

ಪಂಚಮಿಯ ಮುನ್ನಾದಿನ ಬಸಣ್ಣ ಬಂದ. ಜೀಪಿನಿಂದ ಇಳಿದ. ಪರದೆಯ ಮೇಲೆ ಅಷ್ಟು ಸಲೀಸಾಗಿ ಮಾತಾಡಿದ್ದ ಇಬ್ಬರೂ ಎದುರುಬದುರು ಕುಳಿತು, ಕಾಲುವೆಗೆ ನೀರು ಬಿಟ್ಟ ವಿಷಯವನ್ನು ಒಬ್ಬರಿಗೊಬ್ಬರು ತಿಳಿಸಿಕೊಂಡೆವು. ಆಮೇಲೆ ಅವನು ತಡೆಯಲಾರದೆ ಎದ್ದು ಹೋಗಿ ನನ್ನ ಕಂಪ್ಯೂಟರಿನ ಮುಂದೆ ಕುಳಿತ. ತುಸು ಹೊತ್ತಿನಲ್ಲೇ ಅವನ ಸಿಪಾಯಿ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ.

“ಇವೆಂಥ ಕೀಲಿ ಹಾಕೀರ್ರಿ ಮಾವಾರ! ಎಡಕ ಹೊಳ್ಳಬೇಕಂದ್ರ ಕೈ ಸುರಪುರಕ್ಕ ಹೋಗಿ ಬರ್ತದ!”

ನಾನು ನಕ್ಕೆ. ಅವನೂ ನಕ್ಕ. ಶಾರದೆ ಇಬ್ಬರನ್ನೂ ಸಂಶಯದಿಂದ ನೋಡಿದಳು. ವಾಣಿ ಆಗ ಎಲ್ಲವನ್ನೂ ಹೇಳಿಬಿಟ್ಟಳು. ಶಾರದೆ ಕೇಳಿ ಮುಗಿಸಿ, “ಅಂದ್ರ ನಿಮ್ಮಿಬ್ರನ್ನೂ ಮಾತಾಡ್ಸಾಕ ಅಷ್ಟು ಮಂದಿ ಸಾಯಬೇಕಾತು” ಎಂದಳಷ್ಟೆ. ಆದರೆ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದ್ದಳು.

ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದ್ದುದರಿಂದ ತಾಯಿಮಗಳು ಬಸಣ್ಣನ ಜತೆ ಜೀಪು ಹತ್ತಿದರು. ಶಾರದೆ ಮುಂದಿನ ಸೀಟಿನಲ್ಲಿ ತಮ್ಮನ ಪಕ್ಕದಲ್ಲಿ ಕುಳಿತವಳು ತಿರುಗಿ ನೋಡುವುದನ್ನೂ ಮರೆತಳು. ಮರುದಿನ ಸಂಜೆ ಬರಿದಾದ ಮನೆಯಲ್ಲಿ ಬೇಜಾರಾಗಿ ಆಟ ತೆರೆದೆ. ಸುರಪುರದಿಂದ ಹುಲಿ ಬಂದಿದ್ದ. ಆದರೆ ವಾಣಿಯ ಜಾಗದಲ್ಲಿ ಯಾರೋ ಹೊಸಬರು. ಆ ಸಿಪಾಯಿ ವೈರಿಗಳ ಕಡೆ ಕಣ್ಣೆತ್ತಿಯೂ ನೋಡದೆ, ಕಂಬಗಳಿಗೆ ಡಿಕ್ಕಿ ಹೊಡೆಯುತ್ತ, ಅಂಗಳ ದಾಟಿ ನೇರ ನನ್ನ ಹತ್ತಿರ ಬಂದು ನಿಂತ. ಬಹಳ ಹೊತ್ತಿನ ಮೇಲೆ ಒಂದು ವಾಕ್ಯ ಮೂಡಿತು:

“ಉಂಡಿ ಡಬ್ಬಿ ಮ್ಯಾಲಿನ ಹಲಗಿ ಮ್ಯಾಲ ಇಟ್ಟೀನ್ರಿ. ಸಾರು ಬಿಸಿ ಮಾಡ್ಕೊಂಡು ಉಣ್ರಿ.”

ಅದನ್ನು ಇನ್ನೊಮ್ಮೆ ಓದುತ್ತಿದ್ದಾಗ ಯಾರೋ ನನ್ನನ್ನು ಹೊಡೆದು ಕೆಡವಿದರು. ನಾನು ಏನನ್ನೂ ಒತ್ತದೆ ಹಾಗೇ ಬಿದ್ದುಕೊಂಡಿದ್ದೆ. ಅಕ್ಕತಮ್ಮ ಇಬ್ಬರೂ ಎಬ್ಬಿಸಲು ಓಡಿಬರುತ್ತಿದ್ದರು.