ಬುಧವಾರದ ಬುಟ್ಟಿ

ನಮ್ಮ ಅಡಿಗೆಮನೆಯ ಗೋಡೆಯ ಗೂಟಕ್ಕೆ ಒಂದು ಬೆತ್ತದ ಬುಟ್ಟಿ ತೂಗಿದೆ. ಅಂಚು ಸವೆದು, ಹಿಡಿಕೆಗೆ ಎರಡು ಕಡೆ ಬಾಳೆನಾರಿನ ಕಟ್ಟು ಬಿದ್ದು, ಹಪ್ಪಳ ತುಂಬಲಿಕ್ಕಲ್ಲದೆ ಮತ್ತಾವ ಘನಕಾರ್ಯಕ್ಕೂ ಒದಗದ ಈ ಬುಟ್ಟಿಯ ವಿಷಯದಲ್ಲಿ ಸಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಊರುಗಳ ನಮ್ಮ ನೆಂಟರು ಒಂದೇ ಕತೆಯನ್ನು ಒಂದೇ ಧಾಟಿಯಲ್ಲಿ ಹೇಳಿ, ಒಂದೇ ಜಾಗದಲ್ಲಿ ನಗುತ್ತಾರೆ. ಕಳೆದ ತಿಂಗಳು ಅಮ್ಮಮ್ಮನ ಹದಿಮೂರನೆಯ ದಿನದ ಊಟದ ಪಂಕ್ತಿಯಲ್ಲಿಯೂ ಅದು ಪಾಯಸದ ಜೊತೆಗೇ ಬಂತು. “ಭಾಗೀರಥಮ್ಮಂಗೆ ಮಾತಿಗೆ ಕುಂತ್ರೆ ಲೋಕದ ಎಚ್ಚರ ಇತ್ತಿಲ್ಲೆ. ಬುಟ್ಟಿ ವಾಪಸ್ ಕೊಡಲೆ ಬಂದವರ ಹತ್ರ ಮಾತಾಡ್ತಾ ಮಾತಾಡ್ತಾ, ಹಿತ್ಲಲ್ಲಿ ಹೂವಪ್ಪ ಕಾಯ್ತಾ ಇದ್ದದ್ದೇ ಮರ್ತುಹೋತಡ! ಆ ಮರೆವಿಂದ ಸಾವಿತ್ರಿ ಕೂದಲು ಉಳತ್ತು!”

ಭಾಗೀರಥಮ್ಮನೆಂದರೆ ನನ್ನ ಅಪ್ಪಯ್ಯನ ತಾಯಿ, ನಮ್ಮೆಲ್ಲರ ಅಮ್ಮಮ್ಮ. ಸಾವಿತ್ರಿ ಆಕೆಯ ಕೊನೆಯ ಮಗಳು, ನನ್ನ ಅತ್ತೆ. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡವಳು. ಹೂವಪ್ಪ ನಮ್ಮ ಓಣಿಯ ಕ್ಷೌರದವನು. ಈ ಮೂವರನ್ನು ಒಂದೇ ಹಿತ್ತಿಲಲ್ಲಿ ನಿಲ್ಲಿಸಿದರೆ ಆ ಬುಧವಾರ ಏನಾಗಬೇಕಾಗಿತ್ತೆಂಬುದು ನಮ್ಮ ಸೀಮೆಯ ಓದುಗರಿಗೆ ತಾನಾಗಿ ತಿಳಿಯುತ್ತದೆ.

ನಾನು ಈ ಕತೆಯನ್ನು ನಂಬುವುದಿಲ್ಲ. ಮೂವತ್ತು ವರ್ಷಗಳ ಹಿಂದೆ ಯಾರ ಮದುವೆಯಲ್ಲಿ ಯಾರ ಎಲೆಗೆ ಎರಡನೆಯ ಸಲ ತುಪ್ಪ ಬೀಳಲಿಲ್ಲವೆಂಬುದನ್ನು ಹೆಸರು ಗೋತ್ರ ಸಹಿತ ಹೇಳಬಲ್ಲವಳಾಗಿದ್ದ ಹೆಂಗಸು, ತನ್ನ ಮಗಳ ತಲೆ ಬೋಳಿಸಲು ಬಂದವನನ್ನು ಮರೆತಳಂತೆ! ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ಸಾಕ್ಷ್ಯವನ್ನು ಯಾರಾದರೂ ಮಂಡಿಸಿದ್ದರೆ ನಾನು ಎರಡು ನಿಮಿಷದಲ್ಲಿ ಅವರನ್ನು ಕೂಡಿಸಿಬಿಡುತ್ತಿದ್ದೆ. ಆದರೆ ಪಾಯಸ ಉಣ್ಣುತ್ತಿರುವವರೊಡನೆ ವಾದಿಸಬಾರದೆಂಬ ವಿವೇಕ ನನಗೆ ತಡವಾಗಿಯಾದರೂ ಬಂದಿದೆ.

ಅಮ್ಮಮ್ಮನಿಗೆ ಅಪರಿಚಿತರೆಂಬ ಒಂದು ವರ್ಗದ ಪರಿಚಯವೇ ಇರಲಿಲ್ಲ. ಸಿರಸಿಯಲ್ಲಿ ಯಲ್ಲಾಪುರದ ಹಾದಿಗೆ ಮುಖಮಾಡಿದ ನಮ್ಮ ಮನೆಯ ಕಟ್ಟೆಯ ಮುಂದೆ ನಡೆದುಹೋಗುವವನ ಹೆಜ್ಜೆ ಕೊಂಚ ನಿಧಾನವಾದರೂ ಸಾಕು, ಬೆಲ್ಲದ ತುಂಡು, ನೀರಿನ ತಂಬಿಗೆ ಹೊರಬರುತ್ತಿದ್ದವು. “ಮೊದ್ಲು ಆಸ್ರಿಗೆ ಕುಡಿ, ಹೆಸ್ರು ಮತ್ತೆ ಕೇಳ್ತೆ” ಎಂಬುದು ಆಕೆಯ ಶಾಸ್ತ್ರ. ಬಂದವರನ್ನು ‘ಯಾವಾಗ ಹೊರಡುತ್ತೀರಿ’ ಎಂದು ಕೇಳುವುದು ನಮ್ಮ ಕಡೆ ಬೈಗುಳಕ್ಕಿಂತ ಕೀಳು. ಹೊರಟು ನಿಂತವರನ್ನು ಮೂರು ಸಲ ತಡೆಯದೆ ಬಿಡುವುದು ಅದಕ್ಕಿಂತ ಕೀಳು. ಅಮ್ಮಮ್ಮ ಮೂರಕ್ಕೆ ನಿಲ್ಲಿಸಿದ್ದನ್ನು ನಾನು ಕಂಡವನಲ್ಲ. ಹೊಸ್ತಿಲ ಮೇಲೆ ಒಂದು ಸಲ, ಕಟ್ಟೆಯ ಮೇಲೆ ಒಂದು ಸಲ, ಗಾಡಿಯ ನೊಗದ ಹತ್ತಿರ ಒಂದು ಸಲ, ಕೊನೆಗೆ ಎತ್ತಿನ ಕಿವಿಯ ಹತ್ತಿರವೂ ಒಂದು ಸಲ. ಗಾಡಿ ಹೊಡೆಯುವವರು ಇದನ್ನು ಬಲ್ಲವರಾಗಿ, ನಮ್ಮ ಮನೆಯ ಮುಂದೆ ನೊಗವನ್ನು ಕಳಚಿಯೇ ಕೂರುತ್ತಿದ್ದರು.

ಈಗ ಬುಧವಾರಕ್ಕೆ ಬರೋಣ. ಬೇಸಗೆಯ ರಜೆಗೆಂದು ನಾನು ಮನೆಗೆ ಬಂದಿದ್ದೆ. ಒಬ್ಬನೇ ಬಂದಿರಲಿಲ್ಲ, ನನ್ನೊಂದಿಗೆ ಚರ್ಚಾಕೂಟದಲ್ಲಿ ಗೆದ್ದ, ಬೆಳ್ಳಿಯ ನೀರು ಕೊಟ್ಟ ಒಂದು ಕಪ್ಪೂ ಬಂದಿತ್ತು. ‘ಹಿರಿಯರ ಆಚಾರಗಳಲ್ಲಿ ಕಿರಿಯರು ಕೈಹಾಕಬಾರದು’ ಎಂಬ ವಿಷಯದ ಮೇಲೆ ಚೀಟಿ ಎತ್ತಿದಾಗ ನನಗೆ ಅದರ ಪರವಾಗಿ ವಾದಿಸುವ ಪಕ್ಷ ಬಿದ್ದಿತ್ತು. ಪಕ್ಷ ಯಾವುದಾದರೇನು, ನಾಲಗೆ ನಮ್ಮದಲ್ಲವೇ? ವಿಧವೆಯರ ಕೇಶಮುಂಡನವನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಒಂದು ಇಟ್ಟಿಗೆ ಕಿತ್ತರೆ ಗೋಡೆಯೇ ಉರುಳುತ್ತದೆಂದು ಗರ್ಜಿಸಿ, ಸಭೆಯ ಚಪ್ಪಾಳೆಯನ್ನೂ ಈ ಕಪ್ಪನ್ನೂ ಗಳಿಸಿದ್ದೆ. ಮರುದಿನ ಅದೇ ವೇದಿಕೆಯಲ್ಲಿ ಅದರ ವಿರುದ್ಧ ಮಾತಾಡೆಂದಿದ್ದರೆ ಅದಕ್ಕೂ ಗರ್ಜಿಸುತ್ತಿದ್ದೆನೆಂಬುದು ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ಮನೆಯಲ್ಲಿ ನಗೆಯಿರಲಿಲ್ಲ. ಸಾವಿತ್ರತ್ತೆಯ ಗಂಡ ತೀರಿಹೋದ ಹತ್ತನೆಯ ದಿನ ಅತ್ತೆ ಜ್ವರದಲ್ಲಿ ಮೈಮರೆತು ಮಲಗಿದ್ದಳಾದ್ದರಿಂದ ಸಿದ್ದಾಪುರದ ಅತ್ತೆಮನೆಯವರು ಆ ಕಾರ್ಯವನ್ನು ಮುಂದಕ್ಕೆ ಹಾಕಿ, ಅವಳನ್ನು ತವರಿಗೆ ಕಳಿಸಿದ್ದರು. ಈಗ ವರ್ಷಾಂತಿಕ ಹತ್ತಿರ ಬಂದಿತ್ತು. ಅಷ್ಟರೊಳಗೆ ಆಗಬೇಕಾದದ್ದು ಆಗದಿದ್ದರೆ ಆ ಮನೆಯ ಬಾಗಿಲು ಅವಳಿಗೆ ಮುಚ್ಚಿದಂತೆಯೇ ಎಂದು ಮಾವನವರ ಪತ್ರ. ದೊಡ್ಡಪ್ಪ, ಅಂದರೆ ಅಮ್ಮಮ್ಮನ ಹಿರಿಯ ಮಗ, ವಕೀಲರು. ದುಷ್ಟರಲ್ಲ, ತಂಗಿಯನ್ನು ಎತ್ತಿ ಆಡಿಸಿದವರು. ಆದರೆ ಹೆದರಿದ್ದರು. “ನಾಳೆ ಸಾವಿತ್ರಿ ಕೈಯಡುಗೆ ಯಾರು ಉಣ್ತ? ನಮ್ಮನೆ ಪಂಕ್ತಿಗೆ ಯಾರು ಬತ್ತ?” ಎಂದು ಕಟ್ಟೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದರು. ನಡೆಯುತ್ತ ನಡೆಯುತ್ತ ನನ್ನ ಮುಂದೆ ನಿಂತು, “ನಮ್ಮ ಮಾಣಿಯೇ ಹೇಳಿದ್ದ ಅಲ್ದಾ, ಒಂದು ಇಟ್ಟಿಗೆ ಕಿತ್ರೆ ಗೋಡೆಯೇ ಬೀಳ್ತು ಹೇಳಿ. ಕಲ್ತವ್ನೇ ಹಾಂಗೆ ಹೇಳಿದ ಮೇಲೆ!” ಎಂದುಬಿಟ್ಟರು.

‘ಅದು ಚೀಟಿಯಲ್ಲಿ ಬಂದ ಪಕ್ಷ, ದೊಡ್ಡಪ್ಪ’ ಎಂಬ ಐದು ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ಬಾಗಿಲ ಹಿಂದೆ ಅತ್ತೆ ನಿಂತಿದ್ದಳು. ಆಮೇಲೆ ನನಗೆ ಮಜ್ಜಿಗೆ ತಂದುಕೊಡುತ್ತ, ಕೊಂಕಿನ ಲವಲೇಶವೂ ಇಲ್ಲದ ದನಿಯಲ್ಲಿ, “ಕಪ್ಪು ಬಂತಡಲ ಮಾಣಿ, ಚೊಲೋ ಆತು” ಎಂದಳು. ಆ ಮಜ್ಜಿಗೆ ಇಂದಿಗೂ ನನ್ನ ಗಂಟಲಲ್ಲಿದೆ.

ದೊಡ್ಡಪ್ಪ ಆ ಕಾರ್ಯಕ್ಕೆ ಬುಧವಾರವನ್ನು ಗೊತ್ತುಮಾಡಿದಾಗ ಅಮ್ಮಮ್ಮ ಬೇಡವೆನ್ನಲಿಲ್ಲ. ಇದನ್ನು ನಾನು ಒತ್ತಿ ಬರೆಯುತ್ತಿದ್ದೇನೆ. ಅಳಲಿಲ್ಲ, ಮಗನ ಕಾಲು ಹಿಡಿಯಲಿಲ್ಲ. “ಆಗ್ಲಿ ತಮಾ, ಬುಧವಾರ ಅಂದ್ರೆ ಬುಧವಾರ” ಎಂದವಳೇ ಒಳಗೆ ಹೋಗಿ, ಅಟ್ಟದಿಂದ ಹಲಸಿನ ಹಪ್ಪಳ ಇಳಿಸಿ, ಬೆತ್ತದ ಬುಟ್ಟಿಗೆ ತುಂಬಿ, ಸೆರಗು ಹೊದ್ದು, ಯಲ್ಲಾಪುರಕ್ಕೆ ಮೋಟಾರು ಬಿಡುವ ಖಾದರ್ ಸಾಹೇಬರ ಬಳಿಗೆ ತಾನೇ ನಡೆದಳು. ಯಲ್ಲಾಪುರದಲ್ಲಿ ಆಕೆಯ ಅಕ್ಕ ಗೌರಕ್ಕನ ಮನೆ. ಮಗಳಿಗೆ ಇಂಥ ಗತಿ ಬಂದಿರುವಾಗ ಅಕ್ಕನಿಗೆ ಹಪ್ಪಳ ಕಳಿಸುವ ಹೆಂಗಸಿನ ಮೇಲೆ ಆ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬುಧವಾರ ಬೆಳಿಗ್ಗೆ ಹೂವಪ್ಪ ಬಂದು ಬಚ್ಚಲ ಪಕ್ಕದ ಹಲಸಿನ ಮರದ ಬುಡದಲ್ಲಿ ಕುಳಿತ. ಅಮ್ಮಮ್ಮ ಅವನಿಗೆ ಅವಲಕ್ಕಿ ಕೊಟ್ಟು, ಅವನ ಮಗಳ ಬಾಣಂತನ ವಿಚಾರಿಸಿ, “ಕತ್ತಿ ಮಸ್ದಿದ್ಯನಾ? ಇನ್ನೊಂದು ಸಲ ಮಸೆ, ನಮ್ಮ ಕೂಸಿಗೆ ತಾಗಬಾರದು” ಎಂದಳು. ಅವನು ಮಸೆದ. ಮತ್ತೊಮ್ಮೆ ಬಂದು ಅದನ್ನೇ ಹೇಳಿದಳು, ಮತ್ತೆ ಮಸೆದ. ನಡುಮನೆಯಲ್ಲಿ ಅತ್ತೆ ಜಡೆ ಬಿಚ್ಚಿ ಗೋಡೆಗೆ ಮುಖಮಾಡಿ ಕೂತಿದ್ದಳು. ಕಲ್ಲಿನ ಮೇಲೆ ಕತ್ತಿ ಎಳೆಯುವ ಸಪ್ಪಳ ಒಳಗಿನವರೆಗೂ ಕೇಳುತ್ತಿತ್ತು. ಒಂದೊಂದು ಎಳೆತಕ್ಕೂ ಅವಳ ಬೆನ್ನು ಸೆಟೆಯುತ್ತಿದ್ದುದನ್ನು ನಾನು ಬಾಗಿಲಿಗೆ ಆತು ನೋಡುತ್ತಿದ್ದೆ. ಮೂರು ಊರುಗಳ ಸಭೆಗಳನ್ನು ಗೆಲ್ಲಬಲ್ಲೆನೆಂದುಕೊಂಡಿದ್ದವನಿಗೆ ಒಂದು ಹೊಸ್ತಿಲು ದಾಟುವ ಧೈರ್ಯ ಹುಟ್ಟಲಿಲ್ಲ.

ದೊಡ್ಡಪ್ಪ ಗಡಿಯಾರ ನೋಡಿ “ಇನ್ನು ಆಗ್ಲಿ ಆಯಿ” ಎನ್ನುವುದಕ್ಕೂ ಮನೆಯ ಮುಂದೆ ಮೋಟಾರಿನ ಕೊಂಬು ಕೂಗುವುದಕ್ಕೂ ಸರಿಹೋಯಿತು. ಒಬ್ಬೊಬ್ಬರಾಗಿ ಇಳಿದವರು ಯಲ್ಲಾಪುರದ ನೆಂಟರ ಪೈಕಿ ಏಳು ಜನ ಹೆಂಗಸರು; ಮುಂದೆ, ಬೆತ್ತದ ಬುಟ್ಟಿ ಹಿಡಿದು, ಗೌರಕ್ಕ! ಹನ್ನೆರಡನೆಯ ವಯಸ್ಸಿಗೆ ತಲೆ ಬೋಳಿಸಿಕೊಂಡು ಕೆಂಪು ಸೀರೆ ಹೊದ್ದ ಗೌರಕ್ಕ. ತಾನೇ ಬೇಯಿಸಿದ್ದನ್ನಲ್ಲದೆ ಉಣ್ಣದವಳು. ಮೋಟಾರನ್ನು ಹತ್ತುವುದಿಲ್ಲವೆಂದು ಪ್ರತಿಜ್ಞೆ ಮಾಡಿ ತಂಗಿಯ ಮಕ್ಕಳ ಮದುವೆಗೂ ಬಾರದವಳು. “ಬುಟ್ಟಿ ಬೇಕು ಹೇಳಿ ಕಳಿಸಿದ್ಯಲೇ, ತಗ” ಎಂದು ಅದನ್ನು ತಂಗಿಯ ಕೈಗಿತ್ತಳು. ಮೋಟಾರಿನ ಮೈಲಿಗೆ ಕಳೆಯಬೇಕಾದದ್ದರಿಂದ ಏಳು ಜನರಿಗೂ ಸ್ನಾನವಾಗಬೇಕಾಯಿತು. ಹೆಂಗಸರು ಬಚ್ಚಲಿಗೆ ಇಳಿದ ಮೇಲೆ ಹೂವಪ್ಪ ಹಿತ್ತಿಲಲ್ಲಿ ಕೂಡುವುದುಂಟೇ? ಎದ್ದು ಬೀದಿಯ ಕಡೆ ಹೋದ. ಒಬ್ಬರ ನಂತರ ಒಬ್ಬರು ಮಿಂದರು. ದೊಡ್ಡಪ್ಪನ ನಡಿಗೆ ಹೆಚ್ಚಿತು. ಬಂದವರನ್ನು ಯಾವಾಗ ಹೊರಡುತ್ತೀರೆಂದು ಕೇಳುವಂತಿಲ್ಲ. ವಾದಿಸುವವರನ್ನೆಲ್ಲ ಸೋಲಿಸಿದ ವಕೀಲರು. ಮೀಯುತ್ತಿರುವವರ ಮೇಲೆ ಯಾವ ಕಲಮು ಹಾಕಿಯಾರು?

ಆದರೆ ಕತೆ ಹೇಳುವವರು ನಗುತ್ತ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಗಳಿಗೆ ಬಂದದ್ದು ಆಮೇಲೆ. ಎಲೆ ಹಾಕಿ ಏಳು ಜನರೂ ಕೂತರು. ಅಮ್ಮಮ್ಮ ನಡುಮನೆಗೆ ಹೋಗಿ, ಗೋಡೆಗೆ ಮುಖಮಾಡಿದ್ದ ಮಗಳನ್ನು ಎಬ್ಬಿಸಿ, ಬಿಚ್ಚಿದ ಕೂದಲನ್ನು ತಾನೇ ಗಂಟುಹಾಕಿ, ಅನ್ನದ ಪಾತ್ರೆಯನ್ನು ಅವಳ ಕೈಗಿಟ್ಟು, “ಬಡಿಸು ತಂಗಿ” ಎಂದಳು. ದೊಡ್ಡಪ್ಪ ಬಾಗಿಲಲ್ಲಿ ನಿಂತರು. ಅತ್ತೆಯ ಕೈ ನಡುಗಿ ಸೌಟು ಪಾತ್ರೆಯ ಕಂಠಕ್ಕೆ ಟಕಟಕ ಬಡಿಯುತ್ತಿತ್ತು. ಮೊದಲ ಎಲೆ ಗೌರಕ್ಕನದು. ಬಡಿಸಬೇಡವೆಂದು ಆಕೆ ಎಲೆಯನ್ನು ಹಿಂದಕ್ಕೆ ಎಳೆದುಕೊಂಡರೆ ಅತ್ತೆಯ ಬಾಳು ಅಲ್ಲಿಗೆ ತೀರಿತು. ಉಳಿದ ಆರು ಜನ ಆಕೆಯ ಮುಖವನ್ನೇ ನೋಡುತ್ತಿದ್ದರು. ಗೌರಕ್ಕ ತಲೆಯೆತ್ತಿ, ಅತ್ತೆಯ ಗಂಟುಹಾಕಿದ ಕೂದಲನ್ನು, ಬೈತಲೆಯಿಂದ ಕತ್ತಿನವರೆಗೆ ನೋಡಿದಳು.

“ಎಂತಕ್ಕೆ ನಡುಗ್ತ್ಯೆ? ಹಾಕು. ಹಸಿವಾತು.”

ಅನ್ನ ಎಲೆಗೆ ಬಿತ್ತು. ಗೌರಕ್ಕ ಕಲಸಿ, ಉಂಡು, ಹುಳಿಗೆ ಉಪ್ಪು ಕಡಿಮೆಯಾಗಿದೆಯೆಂದು ಆಕ್ಷೇಪಿಸಿ, ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಉಳಿದ ಆರು ಎಲೆಗಳೂ ಬರಿದಾದವು. ನಮ್ಮ ಪಂಕ್ತಿಗೆ ಯಾರು ಬರುತ್ತಾರೆಂಬ ದೊಡ್ಡಪ್ಪನ ಪ್ರಶ್ನೆಗೆ ಯಲ್ಲಾಪುರದ ಅತ್ಯಂತ ಮಡಿವಂತ ಕೈ ಉತ್ತರ ಬರೆದಾಗಿತ್ತು. ಅವರು ಹೊರಗೆ ಹೋಗಿ ಹೂವಪ್ಪನನ್ನು ಕಳಿಸಿಬಿಟ್ಟರು. ಸಿದ್ದಾಪುರದವರು ನಾಲ್ಕು ತಿಂಗಳು ಮಾತು ಬಿಟ್ಟರು. ಐದನೆಯ ತಿಂಗಳು ಅಮ್ಮಮ್ಮ ಕರೆಯದೆಯೇ ಹೋಗಿ ಅವರ ಜಗಲಿಯಲ್ಲಿ ಕೂತು ಆಸ್ರಿಗೆ ಕೇಳಿದಳು. ನೀರು ಕೇಳಿದವರ ಮೇಲೆ ಸಿಟ್ಟು ಇಟ್ಟುಕೊಳ್ಳುವ ವಿದ್ಯೆ ನಮ್ಮ ಸೀಮೆಯಲ್ಲಿ ಇನ್ನೂ ಯಾರಿಗೂ ಬಂದಿಲ್ಲ.

ಕಪ್ಪಿನ ಗತಿಯನ್ನೂ ಹೇಳಿಬಿಡುತ್ತೇನೆ. ಅಮ್ಮಮ್ಮ ಅದನ್ನು ಇಂಗು ಹಾಕಿಡಲು ತೆಗೆದುಕೊಂಡಳು. ವಾಸನೆ ಚೆನ್ನಾಗಿ ನಿಲ್ಲುತ್ತದಂತೆ. ನಾನು ತಕರಾರು ಮಾಡಲಿಲ್ಲ.

ಹಾಗಾದರೆ ಅದು ಮರೆವಲ್ಲ, ಹೂಡಿದ ಹೂಟವೆಂದು ತೀರ್ಪು ಕೊಡಬಹುದೇ? ನನ್ನ ಆಸೆ ಅದೇ. ಆದರೆ ನನ್ನ ಪಕ್ಷವನ್ನೂ ಪ್ರಶ್ನಿಸದೆ ಬಿಡುವ ಜಾಯಮಾನ ನನ್ನದಲ್ಲ. ಖಾದರ್ ಸಾಹೇಬರನ್ನು ವಿಚಾರಿಸಿದೆ. “ಅಮ್ಮಾವ್ರು ಮತ್ತೇನೂ ಹೇಳಿಲ್ಲ ರಾಯರೇ, ‘ಬುಟ್ಟಿ ಬುಧವಾರಕ್ಕೆ ಬೇಕು ಹೇಳು’ ಅಂದ್ರು, ಅಷ್ಟೇ. ಅಷ್ಟು ಅಂದು ನನ್ನ ಹೆಂಡ್ತಿ ಕೈಲಿ ಉಪ್ಪಿನಕಾಯಿ ಇಸ್ಕೊಂಡು ಹೋದ್ರು” ಎಂದು ನಕ್ಕರು. ಬುಟ್ಟಿ ಬೇಕೆಂದರೆ ಅಕ್ಕ ಪ್ರತಿಜ್ಞೆ ಮುರಿದು ಮೋಟಾರು ಹತ್ತಬೇಕೆಂದು ಅರ್ಥವೇ? ಅದು ಆ ಅಕ್ಕತಂಗಿಯರಿಗೆ ಮಾತ್ರ ಗೊತ್ತಿತ್ತು; ಗೌರಕ್ಕ ತೀರಿಕೊಂಡು ಎರಡು ವರ್ಷವಾಯಿತು. ಅಮ್ಮಮ್ಮನನ್ನೇ ಒಮ್ಮೆ ಅಡ್ಡಸವಾಲು ಹಾಕಿ ಕೇಳಿದ್ದೆ. “ಹಪ್ಪಳದ ದಿನ, ಬುಟ್ಟಿ ಬೇಡದನಾ ಮಾರಾಯ?” ಎಂದಳು.

ಇನ್ನೊಂದು ಸಾಕ್ಷ್ಯ ನನ್ನ ವಾದಕ್ಕೆ ಅನುಕೂಲವಲ್ಲ, ಆದರೂ ಮುಚ್ಚಿಡಲಾರೆ. ಹನ್ನೆರಡರ ಗೌರಕ್ಕನ ತಲೆ ಬೋಳಿಸಿದ ದಿನ, ತಂಬಿಗೆಯಿಂದ ಆ ತಲೆಗೆ ನೀರು ಹೊಯ್ದವಳು ಎಂಟು ವರ್ಷದ ಅಮ್ಮಮ್ಮನೇ. ಹಿರಿಯರು ಹೊಯ್ಯಿ ಎಂದರು, ಹೊಯ್ದಳು. ಆಗಲೂ ಬೇಡವೆಂದಿರಲಿಲ್ಲ, ಬಾಳಿನುದ್ದಕ್ಕೂ ಯಾರಿಗೂ ಬೇಡವೆಂದವಳಲ್ಲ. ಎಲ್ಲರಿಗೂ ‘ಬನ್ನಿ’ ಎಂದೇ ಬದುಕಿದ ಹೆಂಗಸಿಗೆ ‘ಹೋಗು’ ಎನ್ನಲು ಬರುತ್ತಿತ್ತೇ ಎಂಬುದು ನನ್ನನ್ನು ಕೊರೆಯುತ್ತದೆ. ಒಂದು ‘ಬೇಡ’ಕ್ಕಾಗಿ ಏಳು ಜನರನ್ನು ಕರೆಸಬೇಕಾಯಿತೆಂದರೆ ಅದು ಬಲವೋ, ಬಲಹೀನತೆಯೋ? ಎರಡೂ ಪಕ್ಷದಲ್ಲಿ ಗರ್ಜಿಸಬಲ್ಲವನಿಗೆ ಇಲ್ಲಿ ಒಂದು ಪಕ್ಷದಲ್ಲಿಯೂ ದನಿ ಏಳುವುದಿಲ್ಲ.

ನಿನ್ನೆ ಸಾವಿತ್ರತ್ತೆ ಗೂಟದಿಂದ ಬುಟ್ಟಿ ಇಳಿಸಿ ಹಪ್ಪಳ ಜೋಡಿಸುತ್ತಿದ್ದಳು. ನಾನು ಯಲ್ಲಾಪುರಕ್ಕೆ ಹೊರಟಿದ್ದೆ. ಅತ್ತೆಯ ಕೂದಲಲ್ಲಿ ಅಲ್ಲಲ್ಲಿ ಬಿಳಿಯ ಎಳೆ ಇಣುಕಿದೆ. ಈಗ ಬಂದವರಿಗೆ ಬೆಲ್ಲನೀರು ಕೊಡುವವಳೂ, ಹೊರಟವರನ್ನು ತಡೆಯುವವಳೂ ಅವಳೇ. ನಾನು ಕೇಳಬಾರದೆಂದುಕೊಂಡದ್ದನ್ನು ಕೇಳಿದೆ. ಅತ್ತೆ ಇನ್ನೂ ನಾಲ್ಕು ಹಪ್ಪಳ ಒತ್ತಿಟ್ಟು, “ಬುಟ್ಟಿ ಖಾಲಿ ತರಡ, ಎಂತಾದ್ರೂ ತುಂಬ್ಕಂಡು ಬಾ” ಎಂದಳು. ಹಿಡಿಕೆಯನ್ನು ನನ್ನ ಕೈಗಿತ್ತ ಮೇಲೂ ತನ್ನ ಕೈ ಬಿಡಲಿಲ್ಲ. ಹೊಸ್ತಿಲ ಮೇಲೆ ನಿಂತು ಮತ್ತೊಮ್ಮೆ ಕೇಳಿದೆ:

“ಅತ್ತೆ, ಆ ಬುಧವಾರ ಮೋಟಾರು ಬರದೇ ಹೋಗಿದ್ರೆ, ನಿನ್ನ ತಲೆಗೆ ನೀರು ಹೊಯ್ಯಲೆ ಅಮ್ಮಮ್ಮ ತಂಬಿಗೆ ಎತ್ತತಿತ್ತಾ?”