ತೀರ್ಪಿನ ಕೆಳಗಿನ ಸಹಿ

ನನ್ನಪ್ಪ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ಅವರ ಮಗಳಾಗಿ ಬೆಳೆಯುವುದು ಸುಖದ ಮಾತಲ್ಲ. ವಕೀಲರು ಬಂದಿರುತ್ತಾರೆಂದು ಮದುವೆಮನೆಗಳಿಗೆ ಹೋಗುವಂತಿರಲಿಲ್ಲ. ಯಾರಾದರೂ ಮಾವಿನಹಣ್ಣು ತಂದರೆ ಬುಟ್ಟಿ ಗೇಟಿನಿಂದಲೇ ವಾಪಸ್ಸು. ನಿವೃತ್ತರಾದ ಮೇಲೆ ಅಮ್ಮನ ಜೊತೆ ವಿದೇಶದಲ್ಲಿ, ಥಾರ್ನ್‌ಹಿಲ್‌ನಲ್ಲಿದ್ದ ನಮ್ಮ ಮನೆಗೆ ಬಂದರು. ಇಲ್ಲಿ ಅವರನ್ನು ಕಂಡು ಎದ್ದು ನಿಲ್ಲುವವರು ಯಾರು? ಮನೆ ಮುಂದಿನ ಡ್ರೈವ್‌ವೇಯ ಹಿಮ ತೆಗೆಯಲು ಬಂದವನಿಗೂ ಬುದ್ಧಿ ಹೇಳುತ್ತಿದ್ದರು. "ಕೋರ್ಟು ಮುಗೀತು ಅಪ್ಪ, ಏಳಿ" ಎಂದು ನಾನು ರೇಗಿಸುತ್ತಿದ್ದೆ.

ಈ ಚಳಿಗಾಲ ಅಮ್ಮನ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದರು. ಕೆಲವು ದಿನ ಕಳೆದ ಮೇಲೆ ಡಾಕ್ಟರಮ್ಮ ನಮ್ಮನ್ನು ಕರೆದು, ಇನ್ನು ಎಚ್ಚರವಾಗುವ ಆಸೆಯಿಲ್ಲ, ಯಂತ್ರ ತೆಗೆಯಬಹುದು, ಅದಕ್ಕೆ ಗಂಡನ ಒಪ್ಪಿಗೆ ಬೇಕು ಎಂದರು. ಒಶಾವಾ ಊರಿನಿಂದ ಬಂದಿದ್ದ ಅಣ್ಣ ಅತ್ತು ಅತ್ತು ಸುಸ್ತಾಗಿದ್ದ.

"ಅಪ್ಪ, ನಾವಿಬ್ರೂ ಡಿಸೈಡ್ ಮಾಡಿದೀವಿ. ನೀವು ಐ ಅಗ್ರೀ ಅಂದ್ಬಿಡಿ, ಸಾಕು" ಎಂದ.

ಅಪ್ಪನ ಮುಖ ಕಪ್ಪಿಟ್ಟಿತು. "ಆ ಮಾತು ಮಾತ್ರ ನನ್ನ ಕೈಲಿ ಹೇಳಿಸ್ಬೇಡ ಕಣೋ."

ಆಮೇಲೆ, ನಾವೆಂದೂ ಕೇಳಿರದ ಸಂಗತಿ ಹೇಳಿದರು. ಗಲ್ಲುಶಿಕ್ಷೆಯ ಮೇಲ್ಮನವಿಯನ್ನು ಇಬ್ಬರು ನ್ಯಾಯಾಧೀಶರು ಕೇಳುತ್ತಾರೆ. ಒಬ್ಬರು ತೀರ್ಪು ಬರೆಯುತ್ತಾರೆ. ಇನ್ನೊಬ್ಬರು ಒಪ್ಪಿದರೆ ಕೆಳಗೆ ಒಂದೇ ಸಾಲು ಬರೆದು ಸಹಿ ಹಾಕುತ್ತಾರೆ.

"ಅಂಥ ಒಂದು ಕೇಸಲ್ಲಿ ತೀರ್ಪು ಹಿರಿಯರು ಬರೆದಿದ್ರು. ನಾನು ಹೊಸಬ. ಸಾಕ್ಷಿ ಪೂರ್ತಿ ಓದ್ದೇನೇ ಐ ಅಗ್ರೀ ಅಂತ ಬರೆದು ಸೈನ್ ಹಾಕ್ಬಿಟ್ಟೆ. ಆ ಆರೋಪೀನ ನೇಣಿಗೆ ಹಾಕಿದ್ರು. ಆಮೇಲೆ ಕೂತು ಓದಿದೆ. ನಾನೇ ಬರೆದಿದ್ರೆ ಅವನು ಉಳೀತಿದ್ದ."

ಮಾವಿನಹಣ್ಣು ಮುಟ್ಟದ ಮನುಷ್ಯ ಒಂದು ಜೀವವನ್ನು ಹೀಗೆ ಬಿಟ್ಟುಕೊಟ್ಟರೇ ಎಂದು ನನಗೆ ಮೈಯೆಲ್ಲ ಉರಿಯಿತು.

ಅಪ್ಪ ಡಾಕ್ಟರಮ್ಮನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿ ಎಂದರು. ಸ್ಕ್ಯಾನುಗಳನ್ನು ತರಿಸಿ ನೋಡಿದರು. ಅವಳಿಗೆ ನೋವು ತಿಳಿಯುತ್ತದೆಯೇ? ನಿಮ್ಮ ಅಭಿಪ್ರಾಯ ತಪ್ಪಾಗಿರಬಹುದೇ? ಬೇರೆ ಡಾಕ್ಟರು ಏನನ್ನುತ್ತಾರೆ? ಆ ಬೇರೆ ಡಾಕ್ಟರೂ ಬಂದು ಹೇಳಿದ್ದಾಯಿತು. ಮಧ್ಯಾಹ್ನವೆಲ್ಲ ಹಾಗೇ ಹೋಯಿತು. ಕೊನೆಗೆ ಅಮ್ಮನ ಹಾಸಿಗೆಯ ತುದಿಯಲ್ಲಿ ಕೂತು ಅವಳ ಪಾದ ಹಿಡಿದುಕೊಂಡರು. ಗಂಡ ಕಾಲು ಮುಟ್ಟಿದರೆ ಪಾಪ ಬರುತ್ತದೆಂದು ಅಮ್ಮ ಜ್ವರದಲ್ಲೂ ಕಾಲೆಳೆದುಕೊಳ್ಳುತ್ತಿದ್ದವಳು. ಅಪ್ಪ ತುಂಬ ಹೊತ್ತು ಕಾದರು. ಅವಳು ಎಳೆದುಕೊಳ್ಳಲಿಲ್ಲ.

"ತೆಗೀಲಿ" ಎಂದರು.

"ನಾವೂ..." ಎಂದು ಅಣ್ಣ ಬಾಯಿ ತೆರೆದ. ಅಪ್ಪ ಕೈಯೆತ್ತಿ ತಡೆದರು.

"ನೀವಿಬ್ರೂ ಏನೂ ಹೇಳ್ಬೇಡಿ. ಇದು ನಾನೊಬ್ನೇ ಕೊಟ್ಟ ತೀರ್ಪು. ಇದರ ಕೆಳಗೆ ನಿಮ್ಮ ಹೆಸರು ಬೇಡ."

ಯಂತ್ರ ತೆಗೆಯುವಾಗ ಅಪ್ಪ ನಮ್ಮನ್ನು ಒಳಗೆ ಬಿಡಲಿಲ್ಲ. ಬಾಗಿಲಿನ ಗಾಜಿನಿಂದ ನೋಡಿದೆ. ಅಮ್ಮನ ಪಾದ ಇನ್ನೂ ಅವರ ಕೈಯಲ್ಲೇ ಇತ್ತು.